ರೀಕಾಂಬಿನೆಂಟ್ ಪ್ರೋಟಿಯೇಸ್ ಇನ್‌ಹಿಬಿಟರ್: ವಯಲ್ ತೆರೆಯುವಲ್ಲಿಂದ ನಂಬಬಹುದಾದ ಅಂಕಿಯವರೆಗೆ

ಪ್ರೋಟಿಯೇಸ್ ಎಂದರೆ ಪ್ರೋಟೀನ್ ಕತ್ತರಿಸುವ ಕಿಣ್ವ. ಅದನ್ನು ತಡೆಯುವ ಪ್ರೋಟೀನ್ ಅನ್ನು ಬೇರೆ ಜೀವಕೋಶಕ್ಕೆ ಜೀನ್ ಸೇರಿಸಿ ತಯಾರಿಸಿದರೆ ಅದು ರೀಕಾಂಬಿನೆಂಟ್ ಇನ್‌ಹಿಬಿಟರ್. ಹೊಸ ಇನ್‌ಹಿಬಿಟರ್ ವಯಲ್ ಬಂತು. ಬಫರ್ ಹಾಕಿ ಕರಗಿಸಿ ಕಿಣ್ವದ ಜೊತೆ ಬೆರೆಸಿದ್ದಾಯಿತು. ಆದರೆ ಕಿಣ್ವ ನಿಲ್ಲಲಿಲ್ಲ. ಅಥವಾ ಅರ್ಧ ನಿಂತಿತು. ಮುಂದಿನ ವಾರ ಅದೇ ಪ್ರಯೋಗ ಮಾಡಿದರೆ ಬೇರೆಯೇ ಅಂಕಿ. ಇದೇ ದೂರು ಮತ್ತೆ ಮತ್ತೆ ಬರುತ್ತಿರುವುದರಿಂದ ಇಡೀ ಕೆಲಸವನ್ನು ಮೊದಲಿನಿಂದ ಕ್ರಮವಾಗಿ ಬರೆಯುತ್ತಿದ್ದೇನೆ.

ತೊಂದರೆಯ ಬೇರು ಹೆಚ್ಚಾಗಿ ಒಂದೇ ಕಡೆ ಸಿಗುತ್ತದೆ. ವಯಲ್‌ನಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ಲೇಬಲ್ ಹೇಳುತ್ತದೆ. ಅದರಲ್ಲಿ ಎಷ್ಟು ಅಣುಗಳು ಕಿಣ್ವವನ್ನು ನಿಜವಾಗಿ ಹಿಡಿಯಬಲ್ಲವು ಎಂದು ಹೇಳುವುದಿಲ್ಲ. ತಪ್ಪಾಗಿ ಮಡಿಚಿಕೊಂಡವು, ಗಂಟುಕಟ್ಟಿದವು, ಟ್ಯೂಬಿನ ಗೋಡೆಗೆ ಅಂಟಿದವು ಎಲ್ಲವೂ ತೂಕದಲ್ಲಿ ಸೇರಿರುತ್ತವೆ. ಹಾಗಾಗಿ ಈ ಮಾರ್ಗದರ್ಶಿಯ ಜೀವಾಳ ಹಂತ 5 ಮತ್ತು 6. ಬಹಳ ಜನ ಬಿಟ್ಟುಬಿಡುವುದೂ ಇವೇ ಎರಡನ್ನು.

ಉದಾಹರಣೆಗೆ ಉದ್ದಕ್ಕೂ ಮಾನವ ಸಿಸ್ಟಾಟಿನ್ ಸಿ ಇಟ್ಟುಕೊಳ್ಳುತ್ತೇನೆ. ಇದು 120 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನ್. ತೂಕ ಸುಮಾರು 13.3 ಕಿಲೋಡಾಲ್ಟನ್. ಪಪೈನ್, ಕೆಥೆಪ್ಸಿನ್ ತರಹದ ಸಿಸ್ಟೀನ್ ಪ್ರೋಟಿಯೇಸ್‌ಗಳನ್ನು ತಡೆಯುತ್ತದೆ. ಬೇರೆ ಇನ್‌ಹಿಬಿಟರ್‌ಗಳಿಗೆ ದಾರಿ ಬದಲಾಗುವ ಕಡೆ ಅಲ್ಲಲ್ಲೇ ಹೇಳುತ್ತೇನೆ.

## ಮೊದಲು ಜೋಡಿಸಿಕೊಳ್ಳಬೇಕಾದದ್ದು

ಪ್ರೋಟೀನ್ ಅಂಟದ ಲೋ-ಬೈಂಡ್ ಟ್ಯೂಬ್ ಮತ್ತು ಟಿಪ್, ಸಣ್ಣ ಸೆಂಟ್ರಿಫ್ಯೂಜ್, ಫ್ಲೋರೆಸೆನ್ಸ್ ಓದುವ ಪ್ಲೇಟ್ ರೀಡರ್, ಕಪ್ಪು ಬಣ್ಣದ 96 ಗುಂಡಿಯ ಪ್ಲೇಟ್, ಮೈನಸ್ 80 ಡಿಗ್ರಿ ಫ್ರೀಜರ್. ರಾಸಾಯನಿಕಗಳಲ್ಲಿ ಪಪೈನ್, ಇ-64, ಝಡ್-ಫೀನೈಲ್‌ಅಲನಿನ್-ಆರ್ಜಿನಿನ್-ಎಎಂಸಿ ಸಬ್‌ಸ್ಟ್ರೇಟ್ (ಕಿಣ್ವ ಕತ್ತರಿಸಿದಾಗ ಹೊಳೆಯುವ ಎಎಂಸಿ ಬಿಡುವ ಪದಾರ್ಥ), ಎಎಂಸಿ ಸ್ಟ್ಯಾಂಡರ್ಡ್, ಡಿಟಿಟಿ (ಡೈಸಲ್ಫೈಡ್ ಬಂಧ ಬಿಡಿಸುವ ರಾಸಾಯನಿಕ), ಇಡಿಟಿಎ (ಲೋಹದ ಅಯಾನು ಹಿಡಿಯುವ ರಾಸಾಯನಿಕ), ಮತ್ತು ಬ್ರಿಜ್-35 ಅಥವಾ ಟ್ವೀನ್-20 ಡಿಟರ್ಜೆಂಟ್.

ಪಪೈನ್ ಪುಡಿ ಉಸಿರಿನಲ್ಲಿ ಸೇರಿದರೆ ಅಲರ್ಜಿ ಮಾಡುತ್ತದೆ. ತೂಗುವಾಗ ಫ್ಯೂಮ್ ಹುಡ್ ಮತ್ತು ಮಾಸ್ಕ್ ಬೇಕೇ ಬೇಕು. ಇನ್‌ಹಿಬಿಟರ್ ವಯಲ್ ಮೇಲೆ 'ಸಂಶೋಧನೆಗೆ ಮಾತ್ರ' ಎಂದಿದ್ದರೆ ಅದು ಲ್ಯಾಬ್ ಕೆಲಸಕ್ಕಷ್ಟೇ. ಮನುಷ್ಯರ ಅಥವಾ ಪ್ರಾಣಿಗಳ ಚಿಕಿತ್ಸೆಗೆ ಅಲ್ಲವೇ ಅಲ್ಲ.

## ಹಂತ 1: ಆರ್ಡರ್ ಮಾಡುವ ಮೊದಲು ಡೇಟಾಶೀಟ್ ಓದಿ

ಮೊದಲು ನಿಮ್ಮ ಕಿಣ್ವ ಯಾವ ಗುಂಪಿನದು ಎಂದು ನೋಡಿ. ಸೀರೀನ್, ಸಿಸ್ಟೀನ್, ಮೆಟಲೋ, ಆಸ್ಪಾರ್ಟಿಕ್ ಇವು ಮುಖ್ಯ ಗುಂಪುಗಳು. ಅಪ್ರೋಟಿನಿನ್ ಟ್ರಿಪ್ಸಿನ್‌ನಂಥ ಸೀರೀನ್ ಪ್ರೋಟಿಯೇಸ್‌ಗಳನ್ನು ಹಿಡಿಯುತ್ತದೆ. ಪಪೈನ್ ಮೇಲೆ ಅದನ್ನು ಎಷ್ಟು ಸುರಿದರೂ ಪ್ರಯೋಜನವಿಲ್ಲ. ಟಿಂಪ್ ಎಂಬ ಇನ್‌ಹಿಬಿಟರ್ ಪ್ರೋಟೀನ್‌ಗಳು ಲೋಹದ ಅಯಾನಿನಿಂದ ಕೆಲಸ ಮಾಡುವ ಮೆಟಲೋಪ್ರೋಟಿಯೇಸ್‌ಗಳಿಗೆ. ಗುಂಪಿನೊಳಗೂ ವ್ಯತ್ಯಾಸ ಇದೆ. ಟಿಂಪ್-1 ಬಹಳಷ್ಟು ಎಂಎಂಪಿಗಳನ್ನು (ಮ್ಯಾಟ್ರಿಕ್ಸ್ ಮೆಟಲೋಪ್ರೋಟಿಯೇಸ್‌ಗಳನ್ನು) ಚೆನ್ನಾಗಿ ತಡೆಯುತ್ತದೆ, ಆದರೆ ಎಂಟಿ1-ಎಂಎಂಪಿ ಮೇಲೆ ಅದರ ಆಟ ನಡೆಯುವುದಿಲ್ಲ. ಅದಕ್ಕೆ ಟಿಂಪ್-2 ಅಥವಾ ಟಿಂಪ್-3 ಬೇಕು.

ಆಮೇಲೆ ಟ್ಯಾಗ್ (ಶುದ್ಧ ಮಾಡಲು ಅನುಕೂಲವಾಗಲೆಂದು ಪ್ರೋಟೀನ್‌ಗೆ ಜೋಡಿಸಿದ ಸಣ್ಣ ತುಂಡು) ಎಲ್ಲಿದೆ ನೋಡಿ. ಇದನ್ನು ಯಾರೂ ನೋಡುವುದಿಲ್ಲ, ಆದರೆ ಕೆಲಸ ಕೆಡಿಸುವುದರಲ್ಲಿ ಇದು ಮುಂದೆ. ಟಿಂಪ್ ತನ್ನ ಮೊದಲನೆಯ ಸಿಸ್ಟೀನ್‌ನಿಂದಲೇ ಕಿಣ್ವದ ಝಿಂಕ್ ಅನ್ನು ಹಿಡಿಯುತ್ತದೆ. ಆ ಸಿಸ್ಟೀನ್‌ನ ಮುಂದೆ ಒಂದೇ ಒಂದು ಅಮೈನೋ ಆಮ್ಲ ಜಾಸ್ತಿ ಸೇರಿದರೂ ತಡೆಯುವ ಶಕ್ತಿ ಬಹುಪಾಲು ಹೋಗುತ್ತದೆ. ಹಾಗಾಗಿ ಎನ್-ತುದಿಯಲ್ಲಿ, ಅಂದರೆ ಪ್ರೋಟೀನ್ ಸರಪಳಿ ಶುರುವಾಗುವ ತುದಿಯಲ್ಲಿ, ಹಿಸ್ ಟ್ಯಾಗ್ ಇರುವ ಟಿಂಪ್ ಕೊಳ್ಳಬೇಡಿ. ಸಿ-ತುದಿಯ ಟ್ಯಾಗ್ ಇದ್ದದ್ದನ್ನೇ ಆರಿಸಿ. ಸಿಸ್ಟಾಟಿನ್ ಸಿಯ ಎನ್-ತುದಿಯೂ ಕಿಣ್ವವನ್ನು ಹಿಡಿಯುವುದರಲ್ಲಿ ಪಾಲುಗೊಳ್ಳುತ್ತದೆ. ಆ ತುದಿ ತುಂಡಾಗಿದ್ದರೆ ಹಿಡಿತ ಸಡಿಲ.

ಯಾವ ಜೀವಕೋಶದಲ್ಲಿ ತಯಾರಾಗಿದೆ ಎನ್ನುವುದೂ ಮುಖ್ಯ. ಟಿಂಪ್-1ರಲ್ಲಿ ಆರು ಡೈಸಲ್ಫೈಡ್ ಸೇತುವೆಗಳಿವೆ, ಅಂದರೆ ಎರಡೆರಡು ಸಿಸ್ಟೀನ್‌ಗಳನ್ನು ಜೋಡಿಸುವ ಗಂಧಕದ ಬಂಧಗಳು. ಇ. ಕೋಲಿಯ ಒಳಗೆ ಅವು ಸರಿಯಾಗಿ ಕೂಡುವುದು ಕಷ್ಟ. ಹಾಗೆ ತಯಾರಾದ ಬ್ಯಾಚ್‌ನಲ್ಲಿ ಕೆಲಸಕ್ಕೆ ಬಾರದ ಅಣುಗಳು ಜಾಸ್ತಿ ಇರುವ ಸಾಧ್ಯತೆ ಇದೆ. ಮ್ಯಾಮಲಿಯನ್ ಕೋಶಗಳಲ್ಲಿ ತಯಾರಾದದ್ದು ದುಬಾರಿ, ಆದರೆ ಇಂಥ ಪ್ರೋಟೀನ್‌ಗೆ ಅದೇ ಸರಿ.

ಕೊನೆಗೆ ಕ್ಯಾರಿಯರ್ (ಇನ್‌ಹಿಬಿಟರ್ ಕಾಪಾಡಲು ಸೇರಿಸುವ ಬೇರೆ ಪ್ರೋಟೀನ್) ಇದೆಯೋ ಇಲ್ಲವೋ ನೋಡಿ. ಬಿಎಸ್‌ಎ (ಹಸುವಿನ ಸೀರಂ ಆಲ್ಬುಮಿನ್) ಸೇರಿಸಿದ ವಯಲ್ ಹೆಚ್ಚು ದಿನ ಬಾಳುತ್ತದೆ. ಆದರೆ ಅದರಲ್ಲಿ ಪ್ರೋಟೀನ್ ಪ್ರಮಾಣ ಅಳೆಯಲು ಆಗುವುದಿಲ್ಲ, ಜೆಲ್‌ನಲ್ಲಿ ಬಿಎಸ್‌ಎಯ ದಪ್ಪ ಬ್ಯಾಂಡ್ ಉಳಿದೆಲ್ಲವನ್ನೂ ನುಂಗುತ್ತದೆ. ಈ ಮಾರ್ಗದರ್ಶಿ ಅನುಸರಿಸುವುದಾದರೆ ಕ್ಯಾರಿಯರ್ ಇಲ್ಲದ್ದನ್ನೇ ತರಿಸಿ.

## ಹಂತ 2: ಒಣಪುಡಿಯನ್ನು ಕರಗಿಸುವುದು

ವಯಲ್ ಅನ್ನು ಫ್ರೀಜರ್‌ನಿಂದ ತೆಗೆದ ಕೂಡಲೇ ತೆರೆಯಬೇಡಿ. ಕೋಣೆಯ ಉಷ್ಣತೆಗೆ ಬರುವವರೆಗೆ ಮುಚ್ಚಿದ ಹಾಗೇ ಇರಲಿ. ತಣ್ಣಗಿರುವಾಗ ತೆರೆದರೆ ಗಾಳಿಯ ತೇವ ಒಳಗೆ ಸೇರುತ್ತದೆ.

ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ಅರ್ಧ ನಿಮಿಷ ತಿರುಗಿಸಿ. ಒಣಗಿಸಿದ ಪ್ರೋಟೀನ್ ಹಗುರ ಪದರವಾಗಿ ಮುಚ್ಚಳದ ಒಳಗೋ ಗೋಡೆಯ ಮೇಲೋ ಕೂತಿರಬಹುದು. ಒಮ್ಮೊಮ್ಮೆ ಕಣ್ಣಿಗೇ ಕಾಣುವುದಿಲ್ಲ. ವಯಲ್ ಖಾಲಿ ಎಂದುಕೊಂಡು ಎಸೆಯಬೇಡಿ.

ಡೇಟಾಶೀಟ್ ಹೇಳಿದ ಬಫರ್ ಅನ್ನೇ ಬಳಸಿ. ಗೋಡೆಯ ಮೇಲಿಂದ ನಿಧಾನ ಇಳಿಬಿಡಿ. ಟ್ಯೂಬ್ ಅನ್ನು ಮೆಲ್ಲಗೆ ಆಡಿಸಿ, 15ರಿಂದ 30 ನಿಮಿಷ ಸುಮ್ನೆ ಬಿಡಿ. ವೋರ್ಟೆಕ್ಸ್ ಬೇಡ. ನೊರೆ ಬಂದರೆ ಪ್ರೋಟೀನ್ ಗಾಳಿ ಮತ್ತು ನೀರಿನ ಗಡಿಯಲ್ಲಿ ಬಿಚ್ಚಿಕೊಳ್ಳುತ್ತದೆ, ಆಮೇಲೆ ಒಂದಕ್ಕೊಂದು ಅಂಟುತ್ತದೆ.

ಸ್ಟಾಕ್ ತೀರಾ ತೆಳು ಮಾಡಬೇಡಿ. ಒಂದು ಮಿಲಿಲೀಟರ್‌ಗೆ 100 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇರಲಿ. ಸಿಸ್ಟಾಟಿನ್ ಸಿಗೆ ಇದು ಸುಮಾರು 7.5 ಮೈಕ್ರೋಮೋಲಾರ್. ತೆಳುವಾದಷ್ಟೂ ಗೋಡೆಗೆ ಅಂಟಿ ಕಳೆದುಹೋಗುವ ಪಾಲು ಹೆಚ್ಚು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪಪೈನ್‌ಗೆ ಡಿಟಿಟಿ ಬೇಕು, ಹಾಗಾಗಿ ಎಲ್ಲಕ್ಕೂ ಒಂದೇ ಬಫರ್ ಎಂದು ಸಿಸ್ಟಾಟಿನ್ ಸ್ಟಾಕ್‌ಗೂ ಡಿಟಿಟಿ ಹಾಕುವವರಿದ್ದಾರೆ. ಸಿಸ್ಟಾಟಿನ್ ಸಿಯ ಆಕಾರವನ್ನು ಎರಡು ಡೈಸಲ್ಫೈಡ್ ಸೇತುವೆಗಳು ಹಿಡಿದಿಟ್ಟಿವೆ. ಡಿಟಿಟಿ ಕತ್ತರಿಸುವುದು ಅವನ್ನೇ. ಪರೀಕ್ಷೆಯ ಹೊತ್ತಿನಲ್ಲಿ ಸ್ವಲ್ಪ ಕಾಲ 1 ಮಿಲಿಮೋಲಾರ್ ಇದ್ದರೆ ನಡೆಯುತ್ತದೆ. ಸ್ಟಾಕ್‌ನಲ್ಲಿ ಮಾತ್ರ ಒಂದು ಹನಿಯೂ ಬೇಡ.

## ಹಂತ 3: ಪಾಲು ಮಾಡಿ ಫ್ರೀಜ್ ಮಾಡುವುದು

ಕರಗಿಸಿದ ದಿನವೇ ಪಾಲು ಮಾಡಿ. ಒಂದು ಪಾಲು ಒಂದು ದಿನದ ಕೆಲಸಕ್ಕೆ ಸಾಕಾಗುವಷ್ಟಿರಲಿ. 10 ಮೈಕ್ರೋಲೀಟರ್‌ಗಿಂತ ಕಡಿಮೆ ಬೇಡ, ಏಕೆಂದರೆ ಸಣ್ಣ ಹನಿಗೆ ಗೋಡೆಯ ಸಂಪರ್ಕ ಜಾಸ್ತಿ. ದ್ರವ ಸಾರಜನಕದಲ್ಲಿ ಅಥವಾ ಒಣ ಮಂಜುಗಡ್ಡೆಯಲ್ಲಿ ತಟ್ಟನೆ ಗಟ್ಟಿ ಮಾಡಿ ಮೈನಸ್ 80 ಡಿಗ್ರಿಗೆ ಇಡಿ. ತಾನಾಗೇ ಮಂಜು ಕರಗಿಸಿಕೊಳ್ಳುವ ಫ್ರೀಜರ್ ಬೇಡ. ಅದು ಆಗಾಗ ಬಿಸಿಯಾಗಿ ತಣ್ಣಗಾಗುತ್ತಿರುತ್ತದೆ.

ಕರಗಿಸಿದ ಪಾಲನ್ನು ಮತ್ತೆ ಫ್ರೀಜ್ ಮಾಡಬೇಡಿ. ಉಳಿದರೆ ಎಸೆಯಿರಿ. ದುಬಾರಿ ಪ್ರೋಟೀನ್ ಎಸೆಯಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಅದೇ ಪಾಲು ಮುಂದಿನ ಒಂದು ತಿಂಗಳ ಪ್ರಯೋಗಗಳನ್ನು ಅನುಮಾನಕ್ಕೆ ದೂಡಬಹುದು.

ಪಿಎಐ-1 ಎಂಬ ಇನ್‌ಹಿಬಿಟರ್ ಬಳಸುವವರಿಗೆ ಇಲ್ಲಿ ಬೇರೆಯೇ ನಿಯಮ. ಈ ಪ್ರೋಟೀನ್ ತಾನಾಗಿಯೇ ಕೆಲಸ ಮಾಡದ ರೂಪಕ್ಕೆ ಜಾರುತ್ತದೆ. 37 ಡಿಗ್ರಿಯಲ್ಲಿ ಅರ್ಧ ಪಾಲು ಜಾರಲು ಒಂದೆರಡು ಗಂಟೆ ಸಾಕು. ಯಾರದೂ ತಪ್ಪಲ್ಲ, ಅದರ ಗುಣವೇ ಹಾಗೆ. ಕರಗಿಸಿದ ಮೇಲೆ ಐಸ್ ಮೇಲಿಟ್ಟು ತಕ್ಷಣ ಬಳಸಿ. ದೀರ್ಘ ಪ್ರಯೋಗವಾದರೆ ನಾಲ್ಕು ಬದಲಾವಣೆ ಮಾಡಿದ ಸ್ಥಿರ ರೂಪ ಸಿಗುತ್ತದೆ. ಅದರ ಅರ್ಧಾಯುಷ್ಯ ಸುಮಾರು 145 ಗಂಟೆ.

## ಹಂತ 4: ಒಟ್ಟು ಪ್ರೋಟೀನ್ ಮತ್ತು ಜೆಲ್

280 ನ್ಯಾನೋಮೀಟರ್‌ನಲ್ಲಿ ಅಳೆದು, ಆ ಪ್ರೋಟೀನ್‌ನ ಎಕ್ಸ್‌ಟಿಂಕ್ಷನ್ ಗುಣಾಂಕದಿಂದ ಪ್ರಮಾಣ ತೆಗೆಯಿರಿ. ಟ್ಯಾಗ್ ಇದ್ದರೆ ಅದನ್ನೂ ಸೇರಿಸಿ ಲೆಕ್ಕ ಹಾಕಿ. ಬಣ್ಣದಿಂದ ಪ್ರೋಟೀನ್ ಅಳೆಯುವ ಬಿಸಿಎ ವಿಧಾನ ಬಳಸುವುದಾದರೆ ಬಫರ್‌ನಲ್ಲಿ ಡಿಟಿಟಿ ಅಥವಾ ಇಮಿಡಝೋಲ್ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಎರಡೂ ಅಂಕಿಯನ್ನು ಕೆಡಿಸುತ್ತವೆ.

ಸಕ್ಕರೆ ಸರಪಳಿ ಅಂಟಿದ ಪ್ರೋಟೀನ್‌ಗಳಲ್ಲಿ ಮೋಲಾರ್ ಲೆಕ್ಕ ತಪ್ಪುವುದು ಸುಲಭ. ಟಿಂಪ್-1 ಜೆಲ್‌ನಲ್ಲಿ ಸುಮಾರು 28 ಕಿಲೋಡಾಲ್ಟನ್ ಹತ್ತಿರ ಕಾಣುತ್ತದೆ, ಆದರೆ ಅದರ ಪ್ರೋಟೀನ್ ಭಾಗ ಸುಮಾರು 20.7 ಮಾತ್ರ. 280ರ ಅಳತೆ ಹೇಳುವುದು ಪ್ರೋಟೀನ್ ಭಾಗದ ಲೆಕ್ಕ. ಹಾಗಾಗಿ ಭಾಗಿಸಬೇಕಾದ್ದು 20.7ರಿಂದ.

ಜೆಲ್ ಶುದ್ಧತೆ ತೋರಿಸುತ್ತದೆ, ಸಾಮರ್ಥ್ಯ ತೋರಿಸುವುದಿಲ್ಲ. ಸಿಸ್ಟಾಟಿನ್ ಸಿ ಇದಕ್ಕೆ ಒಳ್ಳೆಯ ಉದಾಹರಣೆ. ಬಿಸಿಯಾದಾಗ ಅಥವಾ ಆಕಾರ ಸಡಿಲವಾದಾಗ ಎರಡು ಅಣುಗಳು ತಮ್ಮ ಭಾಗಗಳನ್ನು ಅದಲು ಬದಲು ಮಾಡಿಕೊಂಡು ಜೋಡಿಯಾಗುತ್ತವೆ. ಆ ಜೋಡಿ ಪಪೈನ್ ಅನ್ನು ತಡೆಯುವುದಿಲ್ಲ. ಕುದಿಸಿ ಓಡಿಸಿದ ಎಸ್‌ಡಿಎಸ್ ಜೆಲ್‌ನಲ್ಲಿ ಜೋಡಿ ಬಿಚ್ಚಿಕೊಂಡು ಒಂದೇ ಚೆಂದದ ಬ್ಯಾಂಡ್ ಕಾಣುತ್ತದೆ. ಜೋಡಿಯನ್ನು ಹಿಡಿಯಬೇಕೆಂದರೆ ಅಣುಗಳನ್ನು ಗಾತ್ರದ ಮೇಲೆ ಬೇರ್ಪಡಿಸುವ ಜೆಲ್ ಫಿಲ್ಟ್ರೇಷನ್ ಮಾಡಲೇಬೇಕು.

## ಹಂತ 5: ಕಿಣ್ವದ ಸಕ್ರಿಯ ಪ್ರಮಾಣ

ಇನ್‌ಹಿಬಿಟರ್ ಅಳೆಯಲು ಕಿಣ್ವವೇ ಅಳತೆಗೋಲು. ಅಳತೆಗೋಲೇ ತಪ್ಪಿದ್ದರೆ? ಬಾಟಲಿಯ ಪಪೈನ್‌ನಲ್ಲಿ ಎಲ್ಲ ಅಣುಗಳೂ ಕೆಲಸ ಮಾಡುವುದಿಲ್ಲ. ಸಕ್ರಿಯ ಜಾಗದ ಸಿಸ್ಟೀನ್ ಆಕ್ಸಿಜನ್ ತಗುಲಿ ಹಾಳಾಗಿರುತ್ತದೆ. ಸ್ವಲ್ಪ ಪಾಲು ಡಿಟಿಟಿಯಿಂದ ಮರಳಿ ಬರುತ್ತದೆ, ಉಳಿದದ್ದು ಬರುವುದಿಲ್ಲ. ಅದಕ್ಕೇ ಮೊದಲು ಕಿಣ್ವವನ್ನು ಇ-64 ಜೊತೆ ಟೈಟ್ರೇಟ್ ಮಾಡಬೇಕು, ಅಂದರೆ ಎಷ್ಟು ಇ-64 ಹಾಕಿದರೆ ಕಿಣ್ವ ಪೂರ್ತಿ ನಿಲ್ಲುತ್ತದೆ ಎಂದು ನೋಡಬೇಕು. ಇ-64 ಸಿಸ್ಟೀನ್ ಪ್ರೋಟಿಯೇಸ್ ತಡೆಯುವ ಸಣ್ಣ ಅಣು. ಶುದ್ಧವಾಗಿ ತೂಗಬಹುದು. ಒಂದು ಅಣು ಪಪೈನ್‌ಗೆ ಒಂದೇ ಅಣು ಅಂಟುತ್ತದೆ, ಅಂಟಿದ್ದು ಬಿಡುವುದಿಲ್ಲ.

1. ಬಫರ್ ತಯಾರಿಸಿ: 100 ಮಿಲಿಮೋಲಾರ್ ಸೋಡಿಯಂ ಫಾಸ್ಫೇಟ್, ಪಿಎಚ್ 6.5, ಜೊತೆಗೆ 1 ಮಿಲಿಮೋಲಾರ್ ಇಡಿಟಿಎ, 0.01 ಶೇಕಡಾ ಬ್ರಿಜ್-35. ಡಿಟಿಟಿ ಅದೇ ದಿನ 1 ಮಿಲಿಮೋಲಾರ್ ಆಗುವಂತೆ ಹಾಕಿ. ಹಳೆಯ ಡಿಟಿಟಿ ಬೇಡ.

2. ತೂಕದ ಲೆಕ್ಕದಲ್ಲಿ 100 ನ್ಯಾನೋಮೋಲಾರ್ ಪಪೈನ್ ಮಾಡಿ. 10 ನಿಮಿಷ ಬಿಟ್ಟು ಚುರುಕಾಗಲು ಕೊಡಿ.

3. ಸಾಲಾಗಿ ಟ್ಯೂಬ್‌ಗಳಲ್ಲಿ ಇ-64 ಅನ್ನು 0ಯಿಂದ 150 ನ್ಯಾನೋಮೋಲಾರ್‌ವರೆಗೆ ಏರಿಸುತ್ತಾ ಹೋಗಿ. ಎಲ್ಲದರಲ್ಲೂ ಪಪೈನ್ ಅಷ್ಟೇ ಇರಬೇಕು. ಕೋಣೆಯ ಉಷ್ಣತೆಯಲ್ಲಿ 30 ನಿಮಿಷ ಬಿಡಿ.

4. ಪ್ರತಿಯೊಂದರಿಂದ ಸ್ವಲ್ಪ ತೆಗೆದು ಸುಮಾರು 100 ಪಟ್ಟು ತೆಳು ಮಾಡಿ, 10 ಮೈಕ್ರೋಮೋಲಾರ್ ಸಬ್‌ಸ್ಟ್ರೇಟ್‌ಗೆ ಹಾಕಿ. 380ರಲ್ಲಿ ಬೆಳಕು ಕೊಟ್ಟು 460 ನ್ಯಾನೋಮೀಟರ್‌ನಲ್ಲಿ ಓದಿ. ಮೊದಲ ಕೆಲವು ನಿಮಿಷದ ನೇರ ಗೆರೆಯ ಇಳಿಜಾರನ್ನು ಮಾತ್ರ ವೇಗವೆಂದು ತೆಗೆದುಕೊಳ್ಳಿ.

5. ಇ-64 ಪ್ರಮಾಣದ ಎದುರು ವೇಗದ ಗ್ರಾಫ್ ಹಾಕಿ. ಗೆರೆ ಕೆಳಗಿಳಿದು ಸೊನ್ನೆ ಮುಟ್ಟುವ ಜಾಗವೇ ಸಕ್ರಿಯ ಪಪೈನ್ ಪ್ರಮಾಣ.

ಗೆರೆ 60 ನ್ಯಾನೋಮೋಲಾರ್‌ನಲ್ಲಿ ಸೊನ್ನೆ ಮುಟ್ಟಿತು ಎಂದುಕೊಳ್ಳಿ. ಆಗ ನೀವು 100 ಎಂದುಕೊಂಡ ಕಿಣ್ವದಲ್ಲಿ ಕೆಲಸ ಮಾಡುವುದು 60 ಮಾತ್ರ.

ಟ್ರಿಪ್ಸಿನ್‌ಗೆ ಇ-64 ಬದಲು ಎನ್‌ಪಿಜಿಬಿ ಬಳಸುತ್ತಾರೆ. ಅದು ಸಕ್ರಿಯ ಅಣುವಿಗೆ ಒಂದರಂತೆ ಹಳದಿ ನೈಟ್ರೋಫಿನಾಲ್ ಬಿಡುಗಡೆ ಮಾಡುತ್ತದೆ. ಮೊದಲ ಜಿಗಿತದ ಎತ್ತರವೇ ಸಕ್ರಿಯ ಕಿಣ್ವದ ಲೆಕ್ಕ.

## ಹಂತ 6: ಇನ್‌ಹಿಬಿಟರ್‌ನ ಸಕ್ರಿಯ ಪ್ರಮಾಣ

ಈಗ ಅಸಲು ಕೆಲಸ. ಹಂತ 5ರ ಹಾಗೆಯೇ ಟ್ಯೂಬ್ ಜೋಡಿಸಿ. ಇ-64 ಬದಲು ನಿಮ್ಮ ಸಿಸ್ಟಾಟಿನ್ ಸಿ ಹಾಕಿ, ಹಂತ 4ರಲ್ಲಿ ಸಿಕ್ಕ ಲೆಕ್ಕದಲ್ಲಿ 0ಯಿಂದ 120 ನ್ಯಾನೋಮೋಲಾರ್‌ವರೆಗೆ. ಪಪೈನ್ ಸಕ್ರಿಯ ಲೆಕ್ಕದಲ್ಲಿ 60 ಇರಲಿ. ಕನಿಷ್ಠ ಹತ್ತು ಬಿಂದುಗಳು ಬೇಕು. ಅವುಗಳಲ್ಲಿ ಹೆಚ್ಚಿನವು ಗೆರೆ ಇಳಿಯುವ ಭಾಗದಲ್ಲಿ ಬರಲಿ. 30 ನಿಮಿಷ ಬಿಟ್ಟು ತೆಳು ಮಾಡಿ ವೇಗ ಓದಿ.

ಗೆರೆ ನೇರವಾಗಿ ಇಳಿದು 80 ನ್ಯಾನೋಮೋಲಾರ್‌ನಲ್ಲಿ ಸೊನ್ನೆ ಮುಟ್ಟಿತು ಎಂದುಕೊಳ್ಳಿ. 60 ಸಕ್ರಿಯ ಪಪೈನ್ ಹಿಡಿಯಲು ಒಟ್ಟು ಪ್ರೋಟೀನ್ ಲೆಕ್ಕದ 80 ಬೇಕಾಯಿತು. ಅಂದರೆ 75 ಶೇಕಡಾ ಮಾತ್ರ ಸಕ್ರಿಯ. ನಿಮ್ಮ 7.5 ಮೈಕ್ರೋಮೋಲಾರ್ ಸ್ಟಾಕ್ ನಿಜವಾಗಿ ಸುಮಾರು 5.6. ಮುಂದಿನ ಎಲ್ಲ ಲೆಕ್ಕಕ್ಕೂ ಈ 5.6 ಅನ್ನೇ ಬಳಸಿ. ಟ್ಯೂಬಿನ ಮೇಲೂ ಇದನ್ನೇ ಬರೆಯಿರಿ.

ಗೆರೆಯ ಕೊನೆ ಸ್ವಲ್ಪ ಬಾಗುವುದು ಸಹಜ. ಬಾಗಿದ ಬಿಂದುಗಳನ್ನು ಸೇರಿಸಿ ಗೆರೆ ಎಳೆಯಬೇಡಿ. ಸುಮಾರು 70 ಶೇಕಡಾ ತಡೆಯವರೆಗಿನ ಬಿಂದುಗಳ ಮೂಲಕ ನೇರ ಗೆರೆ ಎಳೆದು, ಅದನ್ನು ಅಡ್ಡ ಅಕ್ಷದವರೆಗೆ ಮುಂದುವರಿಸಿ.

ಈ ವಿಧಾನ ಯಾಕೆ ಕೆಲಸ ಮಾಡುತ್ತದೆ ಎಂದು ತಿಳಿದಿದ್ದರೆ ಎಲ್ಲಿ ಕೆಲಸ ಮಾಡುವುದಿಲ್ಲ ಎಂದೂ ತಿಳಿಯುತ್ತದೆ. ಪಪೈನ್ ಮೇಲೆ ಸಿಸ್ಟಾಟಿನ್ ಸಿ ಹಿಡಿತ ಅಸಾಧ್ಯ ಬಿಗಿ. ಹಿಡಿತ ಎಷ್ಟು ಬಿಗಿ ಎಂದು ಹೇಳುವ ಸ್ಥಿರಾಂಕ ಕೆಐ (ಕಡಿಮೆಯಾದಷ್ಟೂ ಬಿಗಿ) ಇಲ್ಲಿ ಫೆಮ್ಟೋಮೋಲಾರ್ ಮಟ್ಟದಲ್ಲಿದೆ. ಆದ್ದರಿಂದ ಇರುವಷ್ಟೂ ಇನ್‌ಹಿಬಿಟರ್ ಕಿಣ್ವಕ್ಕೆ ಅಂಟುತ್ತದೆ, ತೆಳು ಮಾಡಿದರೂ ಕೆಲವು ನಿಮಿಷಗಳಲ್ಲಿ ಬಿಡುವುದಿಲ್ಲ. ಆದರೆ ಕೆಥೆಪ್ಸಿನ್ ಬಿ ಮೇಲೆ ಅದೇ ಸಿಸ್ಟಾಟಿನ್ ಸಿಯ ಕೆಐ ಸುಮಾರು 0.25 ನ್ಯಾನೋಮೋಲಾರ್. ಅಲ್ಲಿ ತೆಳು ಮಾಡಿದರೆ ಜೋಡಿ ಬಿಡಿಸಿಕೊಳ್ಳಬಹುದು. ಹಾಗಾಗಿ ಸಂಶೋಧನೆ ಕೆಥೆಪ್ಸಿನ್ ಬಿ ಮೇಲಾದರೂ ಟೈಟ್ರೇಷನ್ ಪಪೈನ್ ಜೊತೆ ಮಾಡಿ. ಅಂಥ ಬಿಗಿ ಜೋಡಿ ಸಿಗದಿದ್ದರೆ ಕಿಣ್ವದ ಪ್ರಮಾಣ ಕೆಐಗಿಂತ ಕನಿಷ್ಠ 100 ಪಟ್ಟು ಇಟ್ಟು, ತೆಳು ಮಾಡದೆ ಅಲ್ಲೇ ವೇಗ ಓದಬೇಕು. ಆಗ ಕಿಣ್ವ ಜಾಸ್ತಿ ಇರುವುದರಿಂದ ನಿಧಾನವಾಗಿ ಒಡೆಯುವ ಸಬ್‌ಸ್ಟ್ರೇಟ್ ಆರಿಸಿಕೊಳ್ಳಿ.

ಅಪ್ರೋಟಿನಿನ್‌ಗೆ ಟ್ರಿಪ್ಸಿನ್ ಬಳಸಬಹುದು. ಅಲ್ಲಿ ಹಿಡಿತ ಪಿಕೋಮೋಲಾರ್‌ಗಿಂತಲೂ ಕೆಳಗಿದೆ. ಟಿಂಪ್-1ಕ್ಕೆ ಎಂಎಂಪಿ ಬೇಕು. ಅಲ್ಲಿ ಬಫರ್ ಪೂರ್ತಿ ಬದಲಾಗುತ್ತದೆ: 50 ಮಿಲಿಮೋಲಾರ್ ಟ್ರಿಸ್ ಪಿಎಚ್ 7.5, 150 ಮಿಲಿಮೋಲಾರ್ ಉಪ್ಪು, 10 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್, 0.05 ಶೇಕಡಾ ಬ್ರಿಜ್-35. ಇಡಿಟಿಎ ಇರಬಾರದು. ಅದು ಝಿಂಕ್ ಮತ್ತು ಕ್ಯಾಲ್ಸಿಯಂ ಕಿತ್ತುಕೊಂಡು ಎಂಎಂಪಿಯನ್ನು ತಾನೇ ನಿಲ್ಲಿಸುತ್ತದೆ. ಆಗ ಟಿಂಪ್ ಅದ್ಭುತವಾಗಿ ಕೆಲಸ ಮಾಡಿದ ಹಾಗೆ ಕಾಣುತ್ತದೆ. ಫಾಸ್ಫೇಟ್ ಕೂಡ ಬೇಡ, ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಪುಡಿಯಾಗಿ ಕೆಳಗೆ ಕೂರುತ್ತದೆ.

ಟ್ರಿಸ್ ಬಫರ್‌ನ ಪಿಎಚ್ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ. ಪ್ರತಿ ಡಿಗ್ರಿಗೆ ಸುಮಾರು 0.03. 25 ಡಿಗ್ರಿಯಲ್ಲಿ 7.5 ಇದ್ದದ್ದು 4 ಡಿಗ್ರಿಯಲ್ಲಿ 8.1ರ ಹತ್ತಿರ ಹೋಗುತ್ತದೆ. ಪರೀಕ್ಷೆ ನಡೆಯುವ ಉಷ್ಣತೆಯಲ್ಲೇ ಪಿಎಚ್ ಹೊಂದಿಸಿ.

### ಸರ್ಪಿನ್‌ಗಳಿಗೆ ಬೇರೆ ದಾರಿ

ಆಲ್ಫಾ-1-ಆಂಟಿಟ್ರಿಪ್ಸಿನ್, ಪಿಎಐ-1 ಇವು ಸರ್ಪಿನ್‌ಗಳು. ಇವು ಕಿಣ್ವವನ್ನು ಹಿಡಿದು ಬಿಡುವ ಜಾತಿಯಲ್ಲ. ಕಿಣ್ವ ಸರ್ಪಿನ್ ಅನ್ನು ಕತ್ತರಿಸಲು ಹೋಗಿ ಅದಕ್ಕೇ ಕೋವೇಲೆಂಟ್ ಬಂಧದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆದರೆ ಕೆಲವು ಸಲ ಕಿಣ್ವ ಕತ್ತರಿಸಿ ತಪ್ಪಿಸಿಕೊಂಡುಬಿಡುತ್ತದೆ. ಆ ಸರ್ಪಿನ್ ಅಣು ವ್ಯರ್ಥ. ಒಂದು ಕಿಣ್ವ ಅಣು ನಿಲ್ಲಿಸಲು ಎಷ್ಟು ಸರ್ಪಿನ್ ಅಣು ಬೇಕು ಎನ್ನುವುದನ್ನು ಸ್ಟಾಯ್ಕಿಯೋಮೆಟ್ರಿ ಎನ್ನುತ್ತಾರೆ. ಇದು 1ಕ್ಕಿಂತ ಜಾಸ್ತಿ ಬಂದರೆ ಪ್ರೋಟೀನ್ ಹಾಳಾಗಿದೆ ಎಂದೇ ಅರ್ಥವಲ್ಲ.

ಇವಕ್ಕೆ ಕೆಐ ಅಳೆಯಲು ಹೋಗಬೇಡಿ. ಬಂಧ ಬಿಡುವುದೇ ಇಲ್ಲವಾದರೆ ಸಮತೋಲನ ಎಲ್ಲಿಂದ ಬರಬೇಕು? ಸೇರುವ ವೇಗ ಅಳೆಯಿರಿ. ಜೊತೆಗೆ ಜೆಲ್ ಓಡಿಸಿ. ಎಸ್‌ಡಿಎಸ್ ಹಾಕಿ ಕುದಿಸಿದರೂ ಸರ್ಪಿನ್ ಮತ್ತು ಕಿಣ್ವ ಕೂಡಿದ ದೊಡ್ಡ ಬ್ಯಾಂಡ್ ಮೇಲೆ ಉಳಿಯುತ್ತದೆ. ಕತ್ತರಿಸಿ ವ್ಯರ್ಥವಾದ ಸರ್ಪಿನ್ ಮೂಲ ಬ್ಯಾಂಡಿಗಿಂತ ಸ್ವಲ್ಪ ಕೆಳಗೆ ಕಾಣುತ್ತದೆ. ಈ ಎರಡು ಬ್ಯಾಂಡ್ ನೋಡಿದರೆ ಕಥೆ ಪೂರ್ತಿ ತಿಳಿಯುತ್ತದೆ. ಆಲ್ಫಾ-1-ಆಂಟಿಟ್ರಿಪ್ಸಿನ್‌ನಲ್ಲಿ 358ನೆಯ ಮೆಥಿಯೋನಿನ್ ಆಕ್ಸಿಡೈಸ್ ಆದರೆ ನ್ಯೂಟ್ರೋಫಿಲ್ ಎಲಾಸ್ಟೇಸ್ ತಡೆಯುವ ಶಕ್ತಿ ಕುಸಿಯುತ್ತದೆ. ಹಳೆಯ ಸ್ಟಾಕ್ ಸೋತರೆ ಮೊದಲ ಅನುಮಾನ ಇದರ ಮೇಲಿರಲಿ.

## ಹಂತ 7: ಕೆಐ ಅಳೆಯುವುದು

ಇಲ್ಲಿ ಬಹಳ ಕಾಣುವ ತಪ್ಪೆಂದರೆ ಕಿಣ್ವ ಜಾಸ್ತಿ ಹಾಕುವುದು. 10 ನ್ಯಾನೋಮೋಲಾರ್ ಕಿಣ್ವದ ಅರ್ಧ ಭಾಗ ನಿಲ್ಲಿಸಲು ಎಂಥ ಬಲವಾದ ಇನ್‌ಹಿಬಿಟರ್ ಆದರೂ ಕನಿಷ್ಠ 5 ನ್ಯಾನೋಮೋಲಾರ್ ಬೇಕೇ ಬೇಕು, ಅಲ್ವಾ? ಹಾಗಾಗಿ ಐಸಿ50, ಅಂದರೆ ಕಿಣ್ವದ ವೇಗವನ್ನು ಅರ್ಧಕ್ಕಿಳಿಸುವ ಇನ್‌ಹಿಬಿಟರ್ ಪ್ರಮಾಣ, ಯಾವತ್ತೂ ಕಿಣ್ವದ ಅರ್ಧಕ್ಕಿಂತ ಕೆಳಗೆ ಹೋಗುವುದಿಲ್ಲ. ನಿಮ್ಮ ಐಸಿ50 ಕಿಣ್ವದ ಅರ್ಧದ ಹತ್ತಿರ ಬಂದಿದ್ದರೆ ನೀವು ಅಳೆದದ್ದು ಕಿಣ್ವದ ಪ್ರಮಾಣವನ್ನು, ಇನ್‌ಹಿಬಿಟರ್‌ನ ಬಲವನ್ನಲ್ಲ.

ಕೆಥೆಪ್ಸಿನ್ ಬಿಗೆ ಸಕ್ರಿಯ ಕಿಣ್ವ 0.1 ನ್ಯಾನೋಮೋಲಾರ್ ಇರಲಿ. ಇನ್‌ಹಿಬಿಟರ್ 0.05ರಿಂದ 10 ನ್ಯಾನೋಮೋಲಾರ್‌ವರೆಗೆ, ಜೊತೆಗೆ ಸೊನ್ನೆ. ಇಷ್ಟು ತೆಳು ದ್ರಾವಣದಲ್ಲಿ ಪ್ರೋಟೀನ್ ಗೋಡೆಗೆ ಅಂಟದಿರಲು ಬ್ರಿಜ್ ಅಥವಾ ಟ್ವೀನ್ ಕಡ್ಡಾಯ. ಬಿಎಸ್‌ಎ ಹಾಕಿದರೂ ನಡೆಯುತ್ತದೆ, ಆದರೆ ಪ್ರೋಟಿಯೇಸ್ ಅದನ್ನೂ ತಿನ್ನಲು ಹೋಗಬಹುದು. ನನಗೆ ಡಿಟರ್ಜೆಂಟ್ ದಾರಿಯೇ ಮೇಲು ಅನಿಸುತ್ತದೆ.

ಎಷ್ಟು ಹೊತ್ತು ಬೆರೆಸಿಡಬೇಕು? ಇದನ್ನು ಅಂದಾಜಿಗೆ ಬಿಡಬೇಡಿ, ಲೆಕ್ಕ ಹಾಕಿ. ಸೇರುವ ವೇಗದ ಸ್ಥಿರಾಂಕ ಪ್ರತಿ ಮೋಲಾರ್‌ಗೆ ಪ್ರತಿ ಸೆಕೆಂಡಿಗೆ 10 ಲಕ್ಷ ಎಂದುಕೊಳ್ಳಿ. ಇನ್‌ಹಿಬಿಟರ್ 1 ನ್ಯಾನೋಮೋಲಾರ್ ಇದ್ದರೆ ಅರ್ಧ ಸೇರಲು ಸುಮಾರು ಹನ್ನೊಂದೂವರೆ ನಿಮಿಷ. ಹೆಚ್ಚುಕಡಿಮೆ ಪೂರ್ತಿ ಮುಗಿಯಲು ಒಂದು ಗಂಟೆ. 0.1 ನ್ಯಾನೋಮೋಲಾರ್ ಇದ್ದರೆ ಅರ್ಧಕ್ಕೇ ಸುಮಾರು ಎರಡು ಗಂಟೆ. ಜೋಡಿ ಬಿಡುವ ವೇಗವೂ ಸೇರಿದರೆ ಸಮತೋಲನ ಇದಕ್ಕಿಂತ ಬೇಗ ಬರುತ್ತದೆ, ಆದರೆ ಅದನ್ನು ನಂಬಿ ಅವಸರ ಮಾಡಬೇಡಿ. ಐದು ನಿಮಿಷ ಬೆರೆಸಿ ಓದಿದರೆ ಕಡಿಮೆ ಪ್ರಮಾಣದ ಬಿಂದುಗಳೆಲ್ಲ ಸುಳ್ಳು ಹೇಳುತ್ತವೆ. ಇನ್‌ಹಿಬಿಟರ್ ದುರ್ಬಲ ಎಂದು ಕಾಣುತ್ತದೆ. ಅಷ್ಟು ಹೊತ್ತು ಕಿಣ್ವ ತಾನಾಗೇ ಸಾಯದೆ ಇರುತ್ತದೆಯೇ ಎಂದು ಇನ್‌ಹಿಬಿಟರ್ ಇಲ್ಲದ ಟ್ಯೂಬ್ ಇಟ್ಟು ನೋಡಿ.

ಸಬ್‌ಸ್ಟ್ರೇಟ್ 10 ಶೇಕಡಾಕ್ಕಿಂತ ಜಾಸ್ತಿ ಖರ್ಚಾಗುವ ಮೊದಲೇ ಓದು ಮುಗಿಸಿ. ಎಎಂಸಿ ಸ್ಟ್ಯಾಂಡರ್ಡ್ ಗೆರೆಯಿಂದ ಇದನ್ನು ಲೆಕ್ಕ ಹಾಕಬಹುದು. ಸಬ್‌ಸ್ಟ್ರೇಟ್ ಡಿಎಂಎಸ್‌ಒದಲ್ಲಿ ಕರಗಿರುವುದರಿಂದ ಎಲ್ಲ ಗುಂಡಿಗಳಲ್ಲೂ ಡಿಎಂಎಸ್‌ಒ ಅಷ್ಟೇ ಇರಬೇಕು.

ಬಂದ ಅಂಕಿಗಳನ್ನು ಮಾರಿಸನ್ ಸಮೀಕರಣಕ್ಕೆ ಹೊಂದಿಸಿ. ಸಾಮಾನ್ಯ ಐಸಿ50 ಸಮೀಕರಣ ಇನ್‌ಹಿಬಿಟರ್ ಕಿಣ್ವಕ್ಕಿಂತ ಬಹಳ ಜಾಸ್ತಿ ಇದೆ, ಅಂಟಿದ ಪಾಲು ಲೆಕ್ಕಕ್ಕಿಲ್ಲ ಎಂದುಕೊಳ್ಳುತ್ತದೆ. ಇಲ್ಲಿ ಅದು ನಿಜವಲ್ಲ. ಮಾರಿಸನ್ ಸಮೀಕರಣ ಅಂಟಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದಕ್ಕೆ ಸಕ್ರಿಯ ಕಿಣ್ವದ ಪ್ರಮಾಣವನ್ನು ನೀವೇ ಕೊಡಬೇಕು. ಕೆಥೆಪ್ಸಿನ್ ಬಿಯನ್ನೂ ಇ-64 ಜೊತೆ ಟೈಟ್ರೇಟ್ ಮಾಡಿ ಆ ಅಂಕಿ ಹಾಕಿ. ಸ್ಪರ್ಧೆಯಿಂದ ತಡೆಯುವ ಇನ್‌ಹಿಬಿಟರ್ ಆದರೆ ಸಿಕ್ಕ ಬೆಲೆಯನ್ನು ಇನ್ನೂ ಒಂದು ಸಲ ತಿದ್ದಬೇಕು: ಸಬ್‌ಸ್ಟ್ರೇಟ್ ಪ್ರಮಾಣವನ್ನು ಕೆಎಂನಿಂದ (ಕಿಣ್ವದ ವೇಗ ಗರಿಷ್ಠದ ಅರ್ಧ ಮುಟ್ಟುವ ಸಬ್‌ಸ್ಟ್ರೇಟ್ ಪ್ರಮಾಣದಿಂದ) ಭಾಗಿಸಿ, 1 ಕೂಡಿಸಿ, ಬಂದದ್ದರಿಂದ ಕೆಐ ಬೆಲೆಯನ್ನು ಭಾಗಿಸಿ. ಸಬ್‌ಸ್ಟ್ರೇಟ್ ಹಾಕಿದ ಮೇಲೆ ಹೊಸ ಸಮತೋಲನ ಬಂದ ನಂತರದ ವೇಗಕ್ಕೆ ಮಾತ್ರ ಈ ತಿದ್ದುಪಡಿ ಸರಿ.

ಕಿಣ್ವದ ಪ್ರಮಾಣ ದುಪ್ಪಟ್ಟು ಮಾಡಿ ಇಡೀ ಪ್ರಯೋಗ ಇನ್ನೊಮ್ಮೆ ಮಾಡಿ. ಐಸಿ50 ಜರುಗಿದರೂ ಕೆಐ ಅಲ್ಲೇ ನಿಂತರೆ ನಿಮ್ಮ ಅಂಕಿ ನಂಬಬಹುದು.

## ಹಂತ 8: ಕಂಟ್ರೋಲ್

ಕುದಿಸಿದ ಇನ್‌ಹಿಬಿಟರ್ ಅನ್ನು ನೆಗೆಟಿವ್ ಕಂಟ್ರೋಲ್ ಆಗಿ ಬಳಸುವ ರೂಢಿ ಇದೆ. ಇದು ಇಲ್ಲಿ ಕೈಕೊಡುತ್ತದೆ. ಅಪ್ರೋಟಿನಿನ್ 58 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್, ಮೂರು ಡೈಸಲ್ಫೈಡ್‌ಗಳಿಂದ ಬಿಗಿದದ್ದು. ಕುದಿಸಿದರೂ ಸುಲಭಕ್ಕೆ ಜಗ್ಗುವುದಿಲ್ಲ. ಡೈಸಲ್ಫೈಡ್ ಕತ್ತರಿಸಿ, ಮತ್ತೆ ಕೂಡದಂತೆ ಆಲ್ಕೈಲೇಟ್ ಮಾಡಿ, ಬಳಸಿದ ರಾಸಾಯನಿಕವನ್ನು ಡಯಾಲಿಸಿಸ್‌ನಿಂದ ಪೂರ್ತಿ ತೆಗೆದ ಪ್ರೋಟೀನ್ ಒಳ್ಳೆಯ ಕಂಟ್ರೋಲ್. ಪೂರ್ತಿ ತೆಗೆಯುವುದು ಇಲ್ಲಿ ಮುಖ್ಯ. ಅಯೊಡೋಅಸಿಟಮೈಡ್ ಸ್ವಲ್ಪ ಉಳಿದರೂ ಪಪೈನ್‌ನ ಸಿಸ್ಟೀನ್ ಅನ್ನೇ ಕೊಲ್ಲುತ್ತದೆ.

ವಯಲ್‌ನ ಬಫರ್ ಮಾತ್ರ ಹಾಕಿದ ಕಂಟ್ರೋಲ್ ಯಾವತ್ತೂ ಇರಲಿ. ಬಫರ್‌ನಲ್ಲಿರುವ ಇಡಿಟಿಎ, ಇಮಿಡಝೋಲ್, ಗ್ಲಿಸರಾಲ್ ಕೂಡ ಕಿಣ್ವದ ಮೇಲೆ ಪರಿಣಾಮ ಮಾಡಬಹುದು.

## ಹಂತ 9: ಜೀವಕೋಶಗಳ ಮೇಲೆ ಬಳಸುವಾಗ

ಸೀರಂ ಇರುವ ಮಾಧ್ಯಮದಲ್ಲಿ ಆಗಲೇ ಬೇಕಾದಷ್ಟು ಇನ್‌ಹಿಬಿಟರ್‌ಗಳಿವೆ. ಆಲ್ಫಾ-2-ಮ್ಯಾಕ್ರೋಗ್ಲೋಬ್ಯುಲಿನ್ ಬಹಳ ಬಗೆಯ ಪ್ರೋಟಿಯೇಸ್‌ಗಳನ್ನು ಬಲೆಯ ಹಾಗೆ ಸುತ್ತಿ ಹಿಡಿಯುತ್ತದೆ. ಆಲ್ಫಾ-1-ಆಂಟಿಟ್ರಿಪ್ಸಿನ್ ಕೂಡ ಇರುತ್ತದೆ. ನೀವು ಸೇರಿಸಿದ್ದರ ಪರಿಣಾಮ ಇವುಗಳ ನಡುವೆ ಕಾಣದೇ ಹೋಗಬಹುದು. ಸಾಧ್ಯವಾದರೆ ಸೀರಂ ಇಲ್ಲದ ಮಾಧ್ಯಮದಲ್ಲಿ ಮಾಡಿ.

ಸ್ಟಾಕ್‌ನಲ್ಲಿ ಸೋಡಿಯಂ ಅಝೈಡ್ ಇದ್ದರೆ ಕೋಶಗಳಿಗೆ ಹಾಕಲೇಬೇಡಿ. ಇ. ಕೋಲಿಯಲ್ಲಿ ತಯಾರಾದ ಪ್ರೋಟೀನ್‌ಗೆ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಪೊರೆಯಿಂದ ಬರುವ ವಿಷ) ಪರೀಕ್ಷೆ ಬೇಕು. ಆದರೆ ಇಲ್ಲಿ ಒಂದು ಬಲೆ ಅಡಗಿದೆ. ಎಂಡೋಟಾಕ್ಸಿನ್ ಹುಡುಕುವ ಲಿಮ್ಯುಲಸ್ ಪರೀಕ್ಷೆ ನಡೆಯುವುದೇ ಸೀರೀನ್ ಪ್ರೋಟಿಯೇಸ್‌ಗಳ ಸರಣಿಯಿಂದ. ನಿಮ್ಮ ಇನ್‌ಹಿಬಿಟರ್ ಸೀರೀನ್ ಪ್ರೋಟಿಯೇಸ್‌ಗಳದ್ದಾದರೆ ಪರೀಕ್ಷೆಯನ್ನೇ ತಡೆದು 'ಎಂಡೋಟಾಕ್ಸಿನ್ ಇಲ್ಲ' ಎಂದು ತೋರಿಸಬಹುದು. ಮಾದರಿಗೆ ಗೊತ್ತಿರುವಷ್ಟು ಎಂಡೋಟಾಕ್ಸಿನ್ ಸೇರಿಸಿ ಅಷ್ಟೂ ಮರಳಿ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಮೊದಲ ಫಲಿತಾಂಶವನ್ನು ನಂಬುವಂತಿಲ್ಲ.

ಪ್ರೋಟೀನ್ ಇನ್‌ಹಿಬಿಟರ್ ಕೋಶದ ಪೊರೆ ದಾಟಿ ಒಳಗೆ ತಾನಾಗಿ ಹೋಗುವುದಿಲ್ಲ ಎನ್ನುವುದೂ ನೆನಪಿರಲಿ. ಎಂಡೋಸೈಟೋಸಿಸ್‌ನಿಂದ ಸ್ವಲ್ಪ ಸೇರಬಹುದು, ಆದರೆ ಸೈಟೋಸಾಲ್‌ನ ಕಿಣ್ವ ನಿಲ್ಲುತ್ತದೆ ಎಂದು ನಿರೀಕ್ಷಿಸಬೇಡಿ.

## ಎಚ್ಚರಿಕೆಯ ಗುರುತುಗಳು

ಸಕ್ರಿಯ ಪಾಲು 100 ಶೇಕಡಾ ಮೀರಿದರೆ ಅದು ಸಂತೋಷದ ವಿಷಯವಲ್ಲ. ಕಿಣ್ವದ ಟೈಟ್ರೇಷನ್ ತಪ್ಪಿದೆ, ಅಥವಾ ನಡುವೆ ಪಪೈನ್ ಸತ್ತಿದೆ. ಎರಡೂ ಟೈಟ್ರೇಷನ್ ಒಂದೇ ದಿನ, ಒಂದೇ ಪಪೈನ್ ಸ್ಟಾಕ್‌ನಿಂದ ಮಾಡಿ.

ಎಷ್ಟು ಇನ್‌ಹಿಬಿಟರ್ ಹಾಕಿದರೂ 10ರಿಂದ 20 ಶೇಕಡಾ ವೇಗ ಉಳಿದರೆ ಎರಡು ಕಾರಣ ಇರಬಹುದು. ಹಿನ್ನೆಲೆ ಬೆಳಕನ್ನು ಕಳೆದಿಲ್ಲ, ಇಲ್ಲವೇ ಕಿಣ್ವದಲ್ಲಿ ಬೇರೊಂದು ಪ್ರೋಟಿಯೇಸ್ ಬೆರೆತಿದೆ. ಕಿಣ್ವವಿಲ್ಲದ ಗುಂಡಿ ಒಂದು, ಇ-64 ಧಾರಾಳ ಹಾಕಿದ ಗುಂಡಿ ಒಂದು ಇಟ್ಟರೆ ಯಾವುದೆಂದು ತಿಳಿಯುತ್ತದೆ.

ತಡೆ ಮೊದಲು ಬಂದು ಗಂಟೆ ಕಳೆದಂತೆ ಸಡಿಲವಾದರೆ ಕಿಣ್ವ ಇನ್‌ಹಿಬಿಟರ್ ಅನ್ನೇ ಮೆಲ್ಲಗೆ ತಿನ್ನುತ್ತಿದೆ. ಬೇರೆ ಬೇರೆ ಹೊತ್ತಿನಲ್ಲಿ ಮಾದರಿ ತೆಗೆದು ಜೆಲ್ ಓಡಿಸಿ. ಸಣ್ಣ ತುಂಡುಗಳು ಕಂಡರೆ ಕಾರಣ ಸಿಕ್ಕಿತು.

ಹೊತ್ತಿನ ಎದುರು ಬೆಳಕು ತೋರಿಸುವ ಗೆರೆ ಬಾಗುತ್ತಿದ್ದರೆ ಮೊದಲು ಇನ್‌ಹಿಬಿಟರ್ ಇಲ್ಲದ ಗುಂಡಿ ನೋಡಿ. ಅಲ್ಲೂ ಬಾಗಿದರೆ ಸಬ್‌ಸ್ಟ್ರೇಟ್ ಮುಗಿಯುತ್ತಿದೆ ಅಥವಾ ಕಿಣ್ವ ಸಾಯುತ್ತಿದೆ. ಇನ್‌ಹಿಬಿಟರ್ ಇರುವಲ್ಲಿ ಮಾತ್ರ ಬಾಗಿದರೆ ಅದು ನಿಧಾನವಾಗಿ ಅಂಟುತ್ತಿದೆ. ಬೆರೆಸಿಡುವ ಹೊತ್ತು ಹೆಚ್ಚಿಸಿ.

ಪ್ಲೇಟಿನಲ್ಲಿ ತೆಳು ಬಿಂದುಗಳೇ ಏರುಪೇರಾಗುತ್ತಿದ್ದರೆ ಅದು ಗೋಡೆಗೆ ಅಂಟುವ ತೊಂದರೆ. ಡಿಟರ್ಜೆಂಟ್ ಇದೆಯೇ, ಟ್ಯೂಬ್ ಲೋ-ಬೈಂಡ್ ಆಗಿದೆಯೇ ನೋಡಿ. ಸರಣಿ ತೆಳು ಮಾಡುವಾಗ ಪ್ರತಿ ಹೆಜ್ಜೆಗೂ ಟಿಪ್ ಬದಲಿಸಿ.

ಹೊಸ ಬ್ಯಾಚ್ ಹಳೆಯದಕ್ಕಿಂತ ಬೇರೆ ಅಂಕಿ ಕೊಟ್ಟರೆ ಕೆಐ ಕಡೆ ನೋಡುವ ಮೊದಲು ಹಂತ 6 ಮತ್ತೆ ಮಾಡಿ. ಸಕ್ರಿಯ ಪಾಲು ತಿದ್ದಿದ ಮೇಲೂ ವ್ಯತ್ಯಾಸ ಉಳಿದರೆ ಆಗ ಟ್ಯಾಗ್, ಎನ್-ತುದಿ ಮತ್ತು ತಯಾರಾದ ಕೋಶ ಮೂರನ್ನೂ ಎರಡು ಡೇಟಾಶೀಟ್‌ಗಳಲ್ಲಿ ಹೋಲಿಸಿ ನೋಡಿ. ನೋಟ್‌ಬುಕ್‌ನಲ್ಲಿ ಬ್ಯಾಚ್ ಸಂಖ್ಯೆ, ಕರಗಿಸಿದ ದಿನ, ಒಟ್ಟು ಪ್ರೋಟೀನ್ ಮತ್ತು ಸಕ್ರಿಯ ಪ್ರೋಟೀನ್ ಎರಡೂ ಅಂಕಿ, ಟೈಟ್ರೇಟ್ ಮಾಡಿದ ಕಿಣ್ವ ಯಾವುದು ಎನ್ನುವುದನ್ನು ಒಟ್ಟಿಗೆ ಬರೆದಿಟ್ಟಿದ್ದರೆ ಈ ಹೋಲಿಕೆ ಹತ್ತು ನಿಮಿಷದ ಕೆಲಸ.